ಉಳಿದ ಜಾಗ

ಹೊಸಕೋಟೆಯಿಂದ ಬೆಂಗಳೂರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ, ಅಷ್ಟಗಲದ ಕಾಗದದ ಮಡಿಕೆಯನ್ನು ತೊಡೆಯ ಮೇಲೆ ಬಿಚ್ಚಿಕೊಂಡು ಕೂತಿದ್ದ ಗೋಪಾಲಪ್ಪನನ್ನು ಪಕ್ಕದ ಸೊಪ್ಪಿನ ಹೆಂಗಸು ಸುಮಾರು ಹೊತ್ತು ನೋಡಿ, ಕಡೆಗೆ ತಡೆಯಲಾರದೆ, "ಮಟ್ಕಾ ನಂಬರಾ ಸೋಮಿ?" ಎಂದು ಕೇಳಿಯೇಬಿಟ್ಟಳು. ಕಾಗದದ ತುಂಬ ಅಂಕಿಗಳೇ. ಒಂದು ಅಕ್ಷರವಿಲ್ಲ, ಒಂದು ಗೆರೆಯಿಲ್ಲ; ಮೂರು ಮೂರು ಅಂಕಿಗಳ ಗುಂಪು, ಸಾಲಿನ ಮೇಲೆ ಸಾಲು. ಅಲ್ಲಮ್ಮ, ಆಫೀಸಿನದು, ಎಂದ ಗೋಪಾಲಪ್ಪ. "ಎಲ್ರೂ ಅಂಗೇ ಅಂತಾರೆ. ಒಂದೇ ಒಂದು ನಂಬರ್ ಯೋಳಿ, ನಿಮ್ ವಂಸ ತಣ್ಣಗಿರ್ಲಿ." ಹಿಂದಿನ ಸೀಟಿನವರು ನಕ್ಕರು. ಕಂಡಕ್ಟರು, "ನಂಗೂ ಒಂದು ಇರ್ಲಿ ಸಾರ್" ಎಂದ. ಗೋಪಾಲಪ್ಪನಿಗೆ ಕಿವಿ ಬಿಸಿಯಾಯಿತು. ಇಂಜಿನಿಯರಿಂಗ್ ಓದಿದವನು, ಒಂದು ಪ್ರಯೋಗಾಲಯದ ಕಂಪ್ಯೂಟರ್ ವಿಭಾಗದಲ್ಲಿ ಪ್ರೋಗ್ರಾಂ ಬರೆಯುವವನು, ದಂಟು ಮೆಂತ್ಯದ ಕಂತೆಗಳ ನಡುವೆ ಮಟ್ಕಾ ಗಿರಾಕಿಯಾಗಿ ಕೂತಿದ್ದಾನೆ. ಆದರೆ ಅವಳು ಕೇಳಿದ್ದರಲ್ಲಿ ತಪ್ಪೇನು? ಹನ್ನೊಂದು ಗಂಟೆಗೆ ಸಾಹೇಬರೂ ಅದನ್ನೇ ಕೇಳುವವರು. ಈ ಅಂಕಿಗಳ ಅರ್ಥವೇನು, ಹೇಳು.

ಸಾಹೇಬರು ಮೊದಲೆರಡು ಸಲ ಕೇಳಿದಾಗ ಅವನು ಹೇಳಿದ್ದು ಒಂದೇ ಉತ್ತರ: ತಂತಿಯ ಗದ್ದಲ ಸಾರ್. ಅನುಗೊಂಡನಹಳ್ಳಿಯ ಬಂಡೆ ಹೊಲದಲ್ಲಿ ಪ್ರಯೋಗಾಲಯದವರು ಒಂದು ಸಣ್ಣ ಠಾಣೆ ಕಟ್ಟಿ, ನೆಲದ ನಡುಕ ಅಳೆಯುವ ಯಂತ್ರ ಹೂತಿದ್ದರು. ಅಲ್ಲಿನ ಅಳತೆಗಳನ್ನು ಒಬ್ಬ ಆಪರೇಟರು ಕೀಲಿ ಒತ್ತಿ ಕಾಗದದ ಟೇಪಿನಲ್ಲಿ ತೂತು ಹೊಡೆಯುತ್ತಾನೆ. ಟೇಪಿನಲ್ಲಿರುವುದು ಟೆಲಿಫೋನ್ ತಂತಿಯ ಮೇಲೆ ಬೆಂಗಳೂರಿನ ಕಂಪ್ಯೂಟರಿಗೆ ಹರಿದು ಬರುತ್ತದೆ. ಬರುವುದು ಮಾತಲ್ಲ, ಬೈಟುಗಳು. ಬೈಟುಗಳನ್ನು ಕಟ್ಟು ಕಟ್ಟಿ ಕಳಿಸುವುದಕ್ಕೆ ಸಾಹೇಬರು ಪ್ಯಾಕೆಟ್ಟು ಎನ್ನುತ್ತಿದ್ದರು. ಹೊರದೇಶದಿಂದ ಅವರು ತಂದ ಮಾತು ಅದು, ಹೇಳುವಾಗ ತುಟಿ ಸಿಹಿಯಾದಂತೆ ಹೇಳುತ್ತಿದ್ದರು. ಪ್ಯಾಕೆಟ್ಟಿನ ತಲೆಯಲ್ಲಿ ಯಾವ ಠಾಣೆ, ಎಷ್ಟನೆಯ ಪ್ಯಾಕೆಟ್ಟು, ಒಳಗೆ ಎಷ್ಟು ಅಳತೆ ಎಂಬ ವಿವರ; ಆಮೇಲೆ ಅಳತೆಗಳು; ಬಾಲದಲ್ಲಿ ಎಲ್ಲವನ್ನೂ ಕೂಡಿದ ಮೊತ್ತ. ಗೋಪಾಲಪ್ಪ ಫೋರ್ಟ್ರಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಆ ಕಟ್ಟನ್ನು ಬಿಚ್ಚಿ, ತಾನೂ ಒಂದು ಸಲ ಕೂಡಿ ನೋಡಿ, ಮೊತ್ತ ತಾಳೆಯಾದರೆ ಇಟ್ಟುಕೊಳ್ಳುತ್ತದೆ, ಇಲ್ಲವಾದರೆ ಎಸೆಯುತ್ತದೆ. ಕಳೆದ ದೀಪಾವಳಿಯಲ್ಲಿ ಠಾಣೆ ಶುರುವಾದ ಲಾಗಾಯ್ತು ಅದು ಅರ್ಧಕ್ಕರ್ಧ ಎಸೆಯುತ್ತಲೇ ಇತ್ತು. ಮೂರನೆಯ ಸಲ ಸಾಹೇಬರ ತಾಳ್ಮೆ ಕೆಟ್ಟಿತು. ನಿನ್ನ ಪ್ರೋಗ್ರಾಂ ಬೇಡ, ತಂತಿಯಲ್ಲಿ ಬಂದದ್ದನ್ನು ಬಂದ ಹಾಗೇ ಅಚ್ಚು ಮಾಡಿಕೊಂಡು ಬಾ, ಒಂದೊಂದು ಬೈಟಿಗೂ ಅರ್ಥ ಹೇಳು. ಆ ಹಳ್ಳಿಯವನೇನಾದರೂ ಸರ್ಕಾರದ ತಂತಿಯ ಮೇಲೆ ಆಟ ಆಡುತ್ತಿದ್ದರೆ ಅವತ್ತೇ ಮನೆಗೆ ಕಳಿಸುತ್ತೇನೆ, ಎಂದಿದ್ದರು.

ಹಳ್ಳಿಯವನು ಎಂದರೆ ಬೈಲಪ್ಪ. ಬಂಡೆ ಹೊಲ ಬೈಲಪ್ಪನದೇ. ಹೊಲ ಬಿಟ್ಟುಕೊಟ್ಟಿದ್ದಕ್ಕೆ ಮನೆಯಲ್ಲೊಬ್ಬರಿಗೆ ಕೆಲಸ ಎಂಬ ಮಾತಾಗಿ, ಎಸ್ಸೆಸ್ಸೆಲ್ಸಿ ಓದಿ ಹೊಸಕೋಟೆಯಲ್ಲಿ ಟೈಪಿಂಗ್ ಲೋಯರ್ ಪಾಸು ಮಾಡಿದ್ದ ಬೈಲಪ್ಪ ದಿನಗೂಲಿಯ ಮೇಲೆ ಆಪರೇಟರಾಗಿದ್ದ. ಅವನನ್ನು ಕಾಯಂ ಮಾಡುವ ಫೈಲು ಸಾಹೇಬರ ಮೇಜಿನ ಮೇಲೆ ಸಹಿಗೆ ಕಾದಿತ್ತು. ಗೋಪಾಲಪ್ಪನ ಊರಿನ ಮನೆಗೂ ಬೈಲಪ್ಪನ ಮನೆಗೂ ನಡುವೆ ಒಂದೇ ಗೋಡೆ. ಈ ಸಂಗತಿ ಪ್ರಯೋಗಾಲಯದಲ್ಲಿ ಯಾರಿಗೂ ತಿಳಿಯದು, ಗೋಪಾಲಪ್ಪ ಹೇಳಿರಲಿಲ್ಲ.

ಬಸ್ಸು ಕೃಷ್ಣರಾಜಪುರ ದಾಟುವ ಹೊತ್ತಿಗೆ ಅವನ ಪೆನ್ಸಿಲು ಕಾಗದದ ಮಧ್ಯದ ಒಂದು ಪ್ಯಾಕೆಟ್ಟಿಗೆ ಬಂದಿತ್ತು. ತಲೆ ಸರಿಯಾಗಿದೆ. ಅಳತೆಗಳು ಕೆಲವೇ, ಅವೂ ಸರಿ. ಅವು ಮುಗಿದ ಮೇಲೆ ಉಳಿದ ಜಾಗ ಖಾಲಿ ಇರಬೇಕು, ಬರೀ ಸೊನ್ನೆ. ಪ್ಯಾಕೆಟ್ಟಿನ ಉದ್ದ ಮಾತ್ರ ಯಾವಾಗಲೂ ಒಂದೇ. ಒಳಗೆ ಸರಕು ಕಡಿಮೆಯಾದರೆ ಮಿಕ್ಕದ್ದನ್ನು ಖಾಲಿ ಕೀಲಿ ಒತ್ತಿ ತುಂಬಿಸಬೇಕು. ಇಲ್ಲಿ ಸೊನ್ನೆಯ ಬದಲು ಬೇರೇನೋ ಇತ್ತು. 117, 107, 111, 120. ಇಷ್ಟು ದೊಡ್ಡ ಅಳತೆ ಬರಬೇಕಾದರೆ ಅನುಗೊಂಡನಹಳ್ಳಿಯೇ ಮಗುಚಿಕೊಂಡಿರಬೇಕು. ಅಳತೆಯಲ್ಲ, ಅಕ್ಷರವಿರಬಹುದೇ ಎಂದು ಸುಮ್ಮನೆ ನೋಡಿದ. ಯಂತ್ರಕ್ಕೇನು, ಅದೇ ಬೈಟನ್ನು ಅಂಕಿ ಎಂದರೆ ಅಂಕಿ ಎನ್ನುತ್ತದೆ, ಅಕ್ಷರ ಎಂದರೆ ಅಕ್ಷರ ಎನ್ನುತ್ತದೆ, ನಿನ್ನ ಹಣೆಬರಹ ಎಂದರೆ ಅದಕ್ಕೂ ಹೂಂ ಎನ್ನುತ್ತದೆ. ಎಂಟರ ಲೆಕ್ಕದಲ್ಲಿ ಬರೆದ ಆ ಅಂಕಿಗಳು ಇಂಗ್ಲಿಷಿನ ಓ, ಜಿ, ಐ, ಪಿ. ಓಗಿಪ್. ಅರ್ಥವಿಲ್ಲ. ಆಗ ನೆನಪಾಯಿತು, ಈ ಕಂಪ್ಯೂಟರು ಎರಡೆರಡು ಬೈಟನ್ನು ಒಂದೇ ಮನೆಯಲ್ಲಿ ಇಡುತ್ತದೆ, ಅಚ್ಚು ಮಾಡುವಾಗ ಹಿಂದಿನದನ್ನು ಮುಂದೆ ಮಾಡುತ್ತದೆ. ಜೋಡಿಗಳನ್ನು ಅದಲು ಬದಲು ಮಾಡಿದ. ಜಿ, ಓ. ಪಿ, ಐ.

ಗೋಪಿ.

ಪೆನ್ಸಿಲು ಕೆಳಗೆ ಬಿತ್ತು. ಸೊಪ್ಪಿನವಳು ಅದನ್ನು ಎತ್ತಿಕೊಡುತ್ತ, "ಸಿಕ್ತಾ ನಂಬರು?" ಎಂದಳು. ಅವನು ಹೂಂ ಎಂದನೋ ಊಹೂಂ ಎಂದನೋ ಅವನಿಗೇ ತಿಳಿಯಲಿಲ್ಲ. ಆ ಹೆಸರಿನಿಂದ ಅವನನ್ನು ಕರೆದವರು ಲೋಕದಲ್ಲಿ ಮೂವರು. ಅವ್ವ ಲಕ್ಕಮ್ಮ ಸತ್ತು ಆರನೆಯ ವರ್ಷ. ಮಿಕ್ಕವರು ಗೋಡೆಯಾಚೆಯ ಸೊಣ್ಣಮ್ಮ ಮತ್ತು ಸೊಣ್ಣಮ್ಮನ ಮಗ ಬೈಲಪ್ಪ. ಅವನು ಬೇಗ ಬೇಗ ಮುಂದಿನ ಜೋಡಿಗಳನ್ನು ತಿರುವಿದ. ಕನ್ನಡದ ಮಾತು, ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ, ದೀರ್ಘವಿಲ್ಲ, ಒತ್ತಿಲ್ಲ. ಗೋಪಿ ಉಂಡೆಯಾ. ಇನ್ನೊಂದು ಪ್ಯಾಕೆಟ್ಟು: ಗೋಪಿ ಇವತ್ತು ಭೂಮಿ ಸುಮ್ಕೈತೆ. ಮತ್ತೊಂದು: ಅವರೆ ಸೊಗಡು ಬಂತು ಗೋಪಿ. ಅವ್ವನಿಗೆ ಕಣ್ಣು ಮಂಜು. ಕೆರೆ ಕೋಡಿ ಹತ್ರ ನಮ್ಮ ಹುಣಸೆ ಮರ ಕಡಿದ್ರು. ನೆಲ ನಡುಗಿದ ದಿನ ಅಳತೆಗಳೇ ಪ್ಯಾಕೆಟ್ಟನ್ನು ತುಂಬುತ್ತಿದ್ದವು, ಮಾತಿಗೆ ಜಾಗವಿರುತ್ತಿರಲಿಲ್ಲ. ಮೊತ್ತ ತಾಳೆಯಾಗಿ ಗೋಪಾಲಪ್ಪನ ಪ್ರೋಗ್ರಾಂ ಅದನ್ನು ಇಟ್ಟುಕೊಳ್ಳುತ್ತಿತ್ತು. ನೆಲ ಸುಮ್ಮನಿದ್ದ ದಿನ ಬೈಲಪ್ಪ ಮಾತಾಡುತ್ತಿದ್ದ. ಠಾಣೆಯಲ್ಲಿ ಬಾಲದ ಮೊತ್ತ ಹಾಕುವ ಪೆಟ್ಟಿಗೆ ಮಾತನ್ನೂ ಸೇರಿಸಿ ಕೂಡುತ್ತಿತ್ತು. ಗೋಪಾಲಪ್ಪನ ಪ್ರೋಗ್ರಾಂ ಉಳಿದ ಜಾಗ ಖಾಲಿಯೇ ಇರುತ್ತದೆಂದು ನಂಬಿ ಅಳತೆಗಳನ್ನಷ್ಟೇ ಕೂಡಿ, ಲೆಕ್ಕ ತಪ್ಪಿತು ಎಂದು ಅಷ್ಟನ್ನೂ ಎಸೆಯುತ್ತಿತ್ತು. ಅಯ್ಯೋ ಶಿವನೇ. ತಂತಿಯಲ್ಲಿ ಗದ್ದಲವೂ ಇರಲಿಲ್ಲ, ಮಣ್ಣೂ ಇರಲಿಲ್ಲ.

ಕಾಗದದ ಕೊನೆಯಲ್ಲಿ, ಮೊನ್ನೆಯ ಪ್ಯಾಕೆಟ್ಟಿನಲ್ಲಿ, ಎರಡೇ ಮಾತಿತ್ತು. ಗೋಪಿ ಸಿಟ್ಟಾ.

ಠಾಣೆ ತೆರೆದ ದಿನ ಗೋಪಾಲಪ್ಪ ಜೀಪಿನಲ್ಲಿ ಸಾಹೇಬರ ಜೊತೆ ಹೋಗಿದ್ದ. ಬಂಡೆಯ ಮೇಲೆ ಶಾಮಿಯಾನ, ಊರಿನವರೆಲ್ಲ ದೂರದಲ್ಲಿ. ಹೊಸ ಬಿಳಿ ಷರಟು ಹಾಕಿಕೊಂಡು, ತಲೆಗೆ ಎಣ್ಣೆ ಇಳಿಯುವಷ್ಟು ಹಚ್ಚಿಕೊಂಡು ನಿಂತಿದ್ದ ಬೈಲಪ್ಪ ಅವನನ್ನು ಕಂಡೊಡನೆ ಬಾಯಿ ತೆರೆದ. ತೆರೆದ ಬಾಯಿಂದ ಏನು ಹೊರಡುವುದಿತ್ತೆಂದು ಗೋಪಾಲಪ್ಪನಿಗೆ ಗೊತ್ತು. ಹೊಸಕೋಟೆ ಸ್ಕೂಲಿಗೆ ಹೋಗುವ ದಾರಿಯಲ್ಲಿ, ಕಬ್ಬಿನ ಗದ್ದೆಯಲ್ಲಿ, ಈಜು ಬಿದ್ದ ಬಾವಿಯಲ್ಲಿ ಸಾವಿರ ಸಲ ಕೇಳಿದ್ದು. ಅದು ಹೊರಡುವುದಕ್ಕೆ ಮುಂಚೆ ತಾನೇ ಕೈ ಮುಂದೆ ಚಾಚಿ, "ನಮಸ್ಕಾರ. ನೀವೇ ಅಲ್ವೇ ಮಿಸ್ಟರ್ ಬೈಲಪ್ಪ?" ಎಂದುಬಿಟ್ಟ. ಸಾಹೇಬರಿದ್ದರು, ದೊಡ್ಡ ದೊಡ್ಡವರಿದ್ದರು, ಏನು ಮಾಡುವುದು? ಏನು ಮಾಡುವುದು ಎಂದು ಎರಡು ತಿಂಗಳಿಂದ ಅವನು ತನ್ನನ್ನೇ ಕೇಳಿಕೊಳ್ಳುತ್ತಿರುವ ಮಾತು ಇದು. ಬೈಲಪ್ಪನ ಬಾಯಿ ಹಾಗೇ ಮುಚ್ಚಿಕೊಂಡು ನಗುವಾಯಿತು. ಚಾಚಿದ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡ, ಮಂತ್ರಿಗಳ ಕೈ ಹಿಡಿದ ಹಾಗೆ. ಆಮೇಲೆ ಯಂತ್ರದ ಮುಂದೆ ಕೂರಿಸಿ ಕೆಲಸ ತೋರಿಸಿದ್ದೂ ಗೋಪಾಲಪ್ಪನೇ, ನೀವು ನೀವು ಎನ್ನುತ್ತಲೇ. ಉಳಿದ ಜಾಗದಲ್ಲಿ ಏನಾದರೂ ತುಂಬಿ, ಬಿಟ್ಟುಬಿಡಬೇಡಿ, ಯಂತ್ರ ನಿಂತುಹೋಗುತ್ತೆ, ಎಂದಿದ್ದ. ಖಾಲಿ ಕೀಲಿ ಒತ್ತಿ ಎಂದು ಬಿಡಿಸಿ ಹೇಳಿರಲಿಲ್ಲ. ಯಾರಾದರೂ ಅದನ್ನೇ ಒತ್ತುತ್ತಾರೆ, ಅದಕ್ಕೇನು ಹೇಳುವುದು ಅನ್ನಿಸಿತ್ತು. "ಇದೆಲ್ಲ ಯಾರ ತಾವ ಹೋಯ್ತದೆ ಸಾರ್?" ಎಂದು ಬೈಲಪ್ಪ ಕೇಳಿದ್ದ. ಗಡಿಯಾರ ನೋಡುತ್ತ ಗೋಪಾಲಪ್ಪ, "ನನ್ನ ಹತ್ರಾನೇ ಬರೋದು" ಎಂದಿದ್ದ.

ನನ್ನ ಹತ್ರಾನೇ ಬರೋದು. ಉಳಿದ ಜಾಗದಲ್ಲಿ ಏನಾದರೂ ತುಂಬಿ. ಅನುಗೊಂಡನಹಳ್ಳಿಯ ಸೊಣ್ಣಮ್ಮನ ಮಗನಿಗೆ ಇದನ್ನು ಹೇಳಿದರೆ ಇನ್ನೇನಾಗುತ್ತದೆ? ಆ ಎರಡು ಮನೆಗಳ ನಡುವಿನ ಗೋಡೆಯ ಮೇಲೆ ದಿನಕ್ಕೊಂದು ಪಾತ್ರೆಯಾದರೂ ಆಚೀಚೆ ಹೋಗುತ್ತಿತ್ತು. ಅತ್ತಲಿಂದ ಹುರುಳಿ ಬಸ್ಸಾರು ಬಂದರೆ ಪಾತ್ರೆ ತೊಳೆದು ಇತ್ತಲಿಂದ ಒಂದು ತುಂಡು ಬೆಲ್ಲ, ಬೆಲ್ಲವಿಲ್ಲದಿದ್ದರೆ ನಾಲ್ಕು ಹಸಿಮೆಣಸಿನಕಾಯಿ, ಅದೂ ಇಲ್ಲದಿದ್ದರೆ ಒಂದು ಹಿಡಿ ರಾಗಿ. ಕಷ್ಟದ ವರ್ಷವೊಂದರಲ್ಲಿ ಮನೆಯಲ್ಲಿ ಹಾಕಲು ಏನೂ ಇಲ್ಲದೆ ಲಕ್ಕಮ್ಮ ಹಿತ್ತಲಿನ ಒಂದು ದಾಸವಾಳ ಕಿತ್ತು ಪಾತ್ರೆಯಲ್ಲಿಟ್ಟು ಗೋಪಿಯ ಕೈಗೆ ಕೊಟ್ಟಿದ್ದಳು. ಬರಿ ಪಾತ್ರೆ ವಾಪಸ್ಸು ಕೊಡಬಾರದು ಕಣಪ್ಪಾ, ಮನೆ ಮನೆ ನಡುವಿನ ಋಣ ಹರಿದುಹೋಯ್ತದೆ. ಗೋಡೆಯಾಚೆ ಕೈ ನೀಡಿ ಪಾತ್ರೆ ಈಸಿಕೊಂಡ ಬೈಲ ಆ ಹೂವನ್ನು ಕಿವಿಗೆ ಸಿಕ್ಕಿಸಿಕೊಂಡು ಊರೆಲ್ಲ ಮೆರೆದಿದ್ದ. ಪ್ಯಾಕೆಟ್ಟಿನಲ್ಲಿ ಇಷ್ಟು ಜಾಗ ಮಿಕ್ಕಿದೆ, ಗೋಪಿಯ ಹತ್ತಿರ ಹೋಗುತ್ತದೆ, ಬರಿದು ಹೇಗೆ ಕಳಿಸುವುದು?

"ಇಳೀರಿ ಸೋಮಿ, ಲಾಸ್ಟು" ಎಂದು ಸೊಪ್ಪಿನವಳು ಅವನ ಮೊಣಕೈ ಮುಟ್ಟಿದಳು.

ಸಾಹೇಬರು ಕೆಟ್ಟವರಲ್ಲ. ಕಲಕತ್ತೆಯ ಕಡೆಯವರು, ಎಲ್ಲರಿಗೂ ಟೀ ತರಿಸುವವರು, ಕೋಪ ಬಂದಾಗ ಕನ್ನಡಕ ತೆಗೆದು ಒರೆಸುವವರು. ಅಂದು ಗೋಪಾಲಪ್ಪ ಒಳಗೆ ಹೋಗುವಾಗಲೇ ಕನ್ನಡಕ ಕೈಯಲ್ಲಿತ್ತು. ಗೋಡೆಯ ಮೇಲೆ ಆ ವರ್ಷ ಎಲ್ಲ ಕಚೇರಿಗಳಲ್ಲೂ ನೇತುಹಾಕಿದ್ದ ಫಲಕ: ಮಾತು ಕಡಿಮೆ, ದುಡಿಮೆ ಹೆಚ್ಚು. ಮೇಜಿನ ಎಡಗಡೆ ಫೈಲುಗಳ ರಾಶಿಯಲ್ಲಿ ಬೈಲಪ್ಪನದು ಯಾವುದೆಂದು ಹುಡುಕುತ್ತ ಅವನ ಕಣ್ಣು ಅಲ್ಲೇ ನಿಂತಿತು. ಎದುರು ಕುರ್ಚಿಯಲ್ಲಿ ನರಸಿಂಹಯ್ಯ ಕೂತಿದ್ದ. ದೇವನಹಳ್ಳಿ ಕಡೆಯ ಮನುಷ್ಯ, ವಯಸ್ಸಿನಲ್ಲೂ ಸರ್ವೀಸಿನಲ್ಲೂ ಗೋಪಾಲಪ್ಪನಿಗಿಂತ ಹಿರಿಯ, ಬಾಯಲ್ಲಿ ಅಡಿಕೆ, ಮಾತಿನಲ್ಲಿ ಚುಚ್ಚು. ಕಾಗದವನ್ನು ಮೇಜಿನ ಮೇಲೆ ಹರಡಿದಾಗ ನರಸಿಂಹಯ್ಯ ಬಗ್ಗಿ ನೋಡತೊಡಗಿದ. ಬೈಟು ಓದುವುದರಲ್ಲಿ ಅವನೂ ಪಳಗಿದವನು. ಕನ್ನಡವೂ ಬರುತ್ತದೆ.

ಇಂಗ್ಲಿಷಿನಲ್ಲಿ ಸಾಹೇಬರು, "ಹೇಳು" ಎಂದರು.

ಮತ್ತೆ ತಂತಿಯ ಗದ್ದಲ ಎನ್ನಬಹುದಿತ್ತು. ಎಂದರೆ ನಾಳೆ ಅವರು ಜೀಪು ಹತ್ತಿ ತಾವೇ ಠಾಣೆಗೆ ಹೋಗುತ್ತಾರೆ, ಬೈಲಪ್ಪ ಕೀಲಿ ಒತ್ತುವುದನ್ನು ನೋಡುತ್ತ ಹಿಂದೆ ನಿಲ್ಲುತ್ತಾರೆ, ಅಲ್ಲಿಗೆ ಮುಗಿಯಿತು. ನಿಜ ಹೇಳಿದರಂತೂ ಇವತ್ತೇ ಮುಗಿಯಿತು. ಆದರೆ ನಿಜದಲ್ಲಿ ಎರಡು ತುಂಡಿತ್ತು, ಒಂದು ತುಂಡು ಅವನದೇ. "ತಪ್ಪು ನನ್ನ ಪ್ರೋಗ್ರಾಮಿನದು ಸಾರ್" ಎಂದ. ಸ್ವರ ತನ್ನದಲ್ಲವೆಂಬಂತೆ ಕೇಳಿಸಿತು. ಠಾಣೆಯ ಪೆಟ್ಟಿಗೆ ಇಡೀ ಪ್ಯಾಕೆಟ್ಟನ್ನು ಕೂಡುತ್ತೆ, ನಾನು ಅಳತೆಗಳನ್ನಷ್ಟೇ ಕೂಡುತ್ತಿದ್ದೆ. ಉಳಿದ ಜಾಗದಲ್ಲಿ ಏನಾದರೂ ತುಂಬಿ ಅಂತ ಠಾಣೆಯವರಿಗೆ ಹೇಳಿದವನೂ ನಾನೇ. ಅವರು ಹೇಳಿದ ಹಾಗೆ ಮಾಡಿದ್ದಾರೆ.

"ಎರಡು ತಿಂಗಳು ನೀನು ತಂತಿಯನ್ನು ಬೈದೆ."

"ಹೌದು ಸಾರ್."

"ಉಳಿದ ಜಾಗದಲ್ಲಿ ಏನಿದೆ?" ಸಾಹೇಬರ ಬೆರಳು ಸರಿಯಾಗಿ ಅಲ್ಲೇ ಬಂದು ಕೂತಿತು, 117ರ ಮೇಲೆ. ನರಸಿಂಹಯ್ಯ ಅಡಿಕೆ ಅಗಿಯುವುದನ್ನು ನಿಲ್ಲಿಸಿದ್ದ.

ಆ ಬೆರಳಿನ ಕೆಳಗೆ ತನ್ನ ಹೆಸರಿತ್ತು. ಬೆರಳಿನ ಪಕ್ಕದಲ್ಲಿ ಉಂಡೆಯಾ ಎಂದಿತ್ತು. "ಏನೂ ಇಲ್ಲ ಸಾರ್" ಎಂದ ಗೋಪಾಲಪ್ಪ. "ಕಸ. ಅದಕ್ಕೆ ಅರ್ಥವಿಲ್ಲ." ಹೇಳಿದ ಮೇಲೆ ಶಾಮಿಯಾನದ ಕೆಳಗೆ ಚಾಚಿದ ಕೈ ನೆನಪಾಯಿತು. ಅಂದು ಮರ್ಯಾದೆ ಉಳಿಸಿಕೊಳ್ಳಲು ಗೊತ್ತಿಲ್ಲವೆಂದಿದ್ದ, ಇಂದು ಬೈಲಪ್ಪನನ್ನು ಉಳಿಸಲು ಗೊತ್ತಿಲ್ಲವೆನ್ನುತ್ತಿದ್ದಾನೆ. ಬಾಯಿಗೆ ಎರಡರ ರುಚಿಯೂ ಒಂದೇ. ಸಾಹೇಬರು ನರಸಿಂಹಯ್ಯನ ಕಡೆ ತಿರುಗಿ, ಹೌದೇ ಎಂಬಂತೆ ನೋಡಿದರು. ನರಸಿಂಹಯ್ಯ ಕಾಗದವನ್ನು ತನ್ನ ಕಡೆ ಎಳೆದುಕೊಂಡು, ಕನ್ನಡಕ ಹಣೆಗೇರಿಸಿ, ಬೆರಳಿನಿಂದ ಜೋಡಿ ಜೋಡಿಯಾಗಿ ಮುಟ್ಟುತ್ತ ಒಂದು ಸಾಲು, ಎರಡು ಸಾಲು ಓದಿದ. ಅವನ ಹುಬ್ಬು ಮೇಲೆ ಹೋಗಿದ್ದು, ತುಟಿಯ ಮೂಲೆ ಅಲುಗಿದ್ದು ಗೋಪಾಲಪ್ಪನಿಗೆ ಕಂಡಿತು. ಹೋಯ್ತು ಎಂದುಕೊಂಡ. "ಕಸಾನೇ ಸಾರ್" ಎಂದ ನರಸಿಂಹಯ್ಯ.

ಸಾಹೇಬರು ಕನ್ನಡಕ ಹಾಕಿಕೊಂಡರು. ಇನ್ನು ಮೇಲೆ ಈ ಪ್ರೋಗ್ರಾಂ ನರಸಿಂಹಯ್ಯ ನೋಡಿಕೊಳ್ಳಲಿ, ನೀನು ಸಂಬಳದ ಲೆಕ್ಕದ ಪ್ರೋಗ್ರಾಮಿಗೆ ಹೋಗು, ಎಂದರು. ಕಸವೂ ಬೇಡ, ನಾಳೆಯಿಂದ ಉಳಿದ ಜಾಗ ಖಾಲಿಯೇ ಬರಬೇಕು. ಈ ಮಧ್ಯಾಹ್ನವೇ ಹೋಗಿ ಆ ಮನುಷ್ಯನಿಗೆ ನೀನೇ ಹೇಳಿ ಬಾ. ಕೈತಪ್ಪಿದ ಆ ನಡುಕದ ಪ್ರೋಗ್ರಾಮಿನ ಕೆಲಸಕ್ಕೆ ಗೋಪಾಲಪ್ಪ ಮೂರು ವರ್ಷ ಕಾದಿದ್ದ. ಊರಿಂದ ಬಂದವನು ಇಂಥದ್ದೊಂದು ಮಾಡಿದ ಎಂದು ನಾಲ್ಕು ಜನ ಹೇಳಲಿ ಎಂಬ ಆಸೆಯಿತ್ತು, ಇರಲಿಲ್ಲ ಎಂದರೆ ಸುಳ್ಳಾದೀತು.

ಹೊರಗೆ ಕಿಟಕಿಯ ಹತ್ತಿರ ನರಸಿಂಹಯ್ಯ ಅಡಿಕೆ ಉಗಿದು ಬಾಯೊರೆಸಿಕೊಂಡ. "ಯಾರಪ್ಪಾ ಈ ಗೋಪಿ?" ಎಂದ. "ಹುಣಸೆ ಮರ ಕಡಿದ್ರಂತೆ, ಪಾಪ. ನಾನೇನೋ ಹುಡುಗಿ ಗಿಡುಗಿ ಅಂತ ಆಸೆಯಿಂದ ಓದ್ದೆ, ಅವರೆಕಾಯಿ ಬಂತು ನೋಡು!" ಎಂದು ನಗಲು ಹೊರಟವನು ಇವನ ಮುಖ ಕಂಡು ನಿಲ್ಲಿಸಿದ. "ಹೋಗ್ಲಿ ಬಿಡು ಗುರು. ಓದಿದ್ದು ಮರ್ತೆ. ಆದ್ರೆ ನಾಳೆಯಿಂದ ಬೇಡ, ನನ್ನ ಕುತ್ತಿಗೆಗೆ ಬರ್ತದೆ."

ಅನುಗೊಂಡನಹಳ್ಳಿಯ ಬಸ್ಸಿನಲ್ಲಿ ಅವನು ದಾರಿಯುದ್ದಕ್ಕೂ ಒಂದೇ ಮಾತನ್ನು ಬಾಯಿಯೊಳಗೇ ಹೊರಳಿಸುತ್ತಿದ್ದ. ಲೇ ಬೈಲಾ. ಲೇ ಬೈಲಾ, ಎಂಥಾ ಕೆಲಸ ಮಾಡಿದ್ಯೋ. ಎಷ್ಟು ಸುಲಭದ ಮಾತು. ಒಂದು ಕಾಲದಲ್ಲಿ ಉಸಿರಾಡಿದ ಹಾಗೆ ಬರುತ್ತಿದ್ದದ್ದು. ಕಿಟಕಿಯಾಚೆ ಅವರೆ ಹೊಲಗಳು ಹೂ ಮುಗಿದು ಕಾಯಿಗೆ ನಿಂತಿದ್ದವು, ಸೊಗಡು ಬಸ್ಸಿನೊಳಕ್ಕೂ ಬರುತ್ತಿತ್ತು. ಇದನ್ನೇ ತಾನೇ ಅವನು ಕಳಿಸಿದ್ದು, ಬೈಟು ಬೈಟಾಗಿ. ಕೆರೆ ಕೋಡಿಯ ಹತ್ತಿರ ಹುಣಸೆ ಮರವಿದ್ದ ಕಡೆ ಬರೀ ಬೆಳಕು ಬಿದ್ದಿತ್ತು. ಆ ಮರದ ಕೆಳಗೆ ಉಪ್ಪು ಮೆಣಸಿನಕಾಯಿ ಪೊಟ್ಟಣ ಬಿಚ್ಚಿ ಹಸಿ ಹುಣಸೆ ನೆಕ್ಕುತ್ತ, ದೊಡ್ಡವರಾದ ಮೇಲೆ ಇಬ್ಬರೂ ಒಂದೇ ಕಡೆ ಕೆಲಸ ಮಾಡೋಣ ಕಣ್ಲಾ ಎಂದಿದ್ದವನು ಬೈಲನೋ ತಾನೋ? ಇಬ್ಬರೂ ಇರಬೇಕು. ಈಗ ಒಂದೇ ತಂತಿಯ ಈ ತುದಿಯಲ್ಲೊಬ್ಬ, ಆ ತುದಿಯಲ್ಲೊಬ್ಬ, ಹಾಗೇ ಆಗಿದೆಯಲ್ಲ. ತಂತಿ ಮಾತ್ರ ಒಂದೇ ಕಡೆಗೆ ಹರಿಯುವಂಥದ್ದು. ಇತ್ತಲಿಂದ ಅತ್ತ ಒಂದು ಬೈಟೂ ಹೋಗುವುದಿಲ್ಲ. ಬೈಲನಿಗೆ ಅದು ಗೊತ್ತಿತ್ತೋ ಇಲ್ಲವೋ. ಗೊತ್ತಿದ್ದರೆ ಸಿಟ್ಟಾ ಎಂದು ಕೇಳುತ್ತಿರಲಿಲ್ಲ.

ಠಾಣೆಯ ಬಾಗಿಲಲ್ಲಿ ಅವನನ್ನು ಕಂಡು ಬೈಲಪ್ಪ ಕುರ್ಚಿಯಿಂದ ಎದ್ದ ರಭಸಕ್ಕೆ ಟೇಪಿನ ಸುರುಳಿ ನೆಲಕ್ಕೆ ಉರುಳಿತು. "ಬನ್ನಿ ಸಾರ್, ಬನ್ನಿ. ಕೂತ್ಕಳಿ" ಎಂದು ತನ್ನ ಟವೆಲಿನಿಂದ ಕುರ್ಚಿ ಒರೆಸಿದ. ಕಿವಿಯ ಹತ್ತಿರ ಕೂದಲು ಆಗಲೇ ಬೆಳ್ಳಗಾಗಿತ್ತು. ಗೋಪಾಲಪ್ಪನ ನಾಲಗೆಯ ಮೇಲೆ ಸಿದ್ಧವಾಗಿದ್ದ ಮಾತು ಆ ಒರೆಸಿದ ಕುರ್ಚಿಯನ್ನು ನೋಡಿ ಒಳಕ್ಕೆ ಹೋಯಿತು. "ಬೈಲಪ್ಪನವರೇ" ಎಂದ. ಅಂದೇನೋ ಮಿಸ್ಟರ್ ಆಗಿತ್ತು, ಈಗ ಅವರೇ ಬೇರೆ ಸೇರಿತು. ಥೂ ನಿನ್ನ, ಎಂದು ತನ್ನನ್ನೇ ಬೈದುಕೊಂಡ. ಆಮೇಲೆ ಆಫೀಸಿನ ದನಿಯಲ್ಲಿ, ಯಂತ್ರದ ಕಡೆ ನೋಡುತ್ತ, ಬಂದ ಕೆಲಸ ಹೇಳಿದ. ನಾಳೆಯಿಂದ ಉಳಿದ ಜಾಗಕ್ಕೆ ಖಾಲಿ ಕೀಲಿ ಒತ್ತಬೇಕು. ಬೇರೇನೂ ಒತ್ತಬಾರದು.

ಬೈಲಪ್ಪ ಬಗ್ಗಿದ. ನೆಲದ ಮೇಲಿನ ಸುರುಳಿಯನ್ನು ಎತ್ತಿ ಸುತ್ತುತ್ತ, "ಅದೆಲ್ಲ ಅಲ್ಲಿ ಕಾಣ್ತದಾ ಸಾರ್?" ಎಂದ.

"ಕಾಣ್ತದೆ. ನಾನು ನೋಡಿದ್ದು ಇವತ್ತೇ. ಇಷ್ಟು ದಿನ ಪ್ರೋಗ್ರಾಂ ಅದನ್ನ ಎಸೀತಿತ್ತು."

"ಎಸೀತಿತ್ತಾ." ಬೈಲಪ್ಪ ತಲೆಯಾಡಿಸಿದ. ಎರಡು ತಿಂಗಳು ಉತ್ತರವಿಲ್ಲದ್ದಕ್ಕೆ ಇದು ಕಾರಣ ಎಂಬುದು ಅವನಿಗೆ ಸಮಾಧಾನವಾಯಿತೋ, ಇನ್ನೂ ನೋವಾಯಿತೋ, ಮುಖದಲ್ಲಿ ತಿಳಿಯಲಿಲ್ಲ. "ತಮಾಷೆಗೆ ಒತ್ತಿದ್ದು ಬಿಡಿ ಸಾರ್. ಜಾಗ ಸುಮ್ನೆ ಬರಿದು ಹೋಯ್ತದಲ್ಲ ಅಂತ. ಕೆಲ್ಸಕ್ಕೇನಾರಾ ತೊಂದ್ರೆ ಆಯ್ತದಾ? ಸಾಹೇಬರು ನೋಡಿದ್ರಾ?"

"ನೋಡಿದ್ರು. ಅವರಿಗೆ ಓದಕ್ಕೆ ಬರಲ್ಲ. ಕಸ ಅಂತ ಹೇಳಿದೆ." ಹೇಳಿದ ಮೇಲೆ ತಿಳಿಯಿತು ಅದು ಹೇಗೆ ಕೇಳಿಸಿತೆಂದು. "ಹಾಗೆ ಹೇಳದೆ ಗತ್ಯಂತರ ಇರ್ಲಿಲ್ಲ" ಎಂದು ಸೇರಿಸಿದ.

"ಒಳ್ಳೇದಾಯ್ತು ಸಾರ್. ಉಪಕಾರ ಆಯ್ತು." ಬೈಲಪ್ಪ ಕೈ ಮುಗಿದ. ನಿಜವಾಗಿ ಮುಗಿದ, ಎರಡು ಕೈ ಜೋಡಿಸಿ. ಗೋಪಾಲಪ್ಪನಿಗೆ ಅಲ್ಲೇ ಬಂಡೆ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು. ಬಂಡೆ ಅಲುಗಲಿಲ್ಲ, ಯಂತ್ರದ ಮುಳ್ಳು ನೆಟ್ಟಗೆ ಗೆರೆ ಎಳೆಯುತ್ತಿತ್ತು. ಹೊರಡಲು ಎದ್ದಾಗ ಬೈಲಪ್ಪ ಬಾಗಿಲಿಗೆ ಬೀಗ ಹಾಕುತ್ತ, "ಅವ್ವ ನಿಮ್ಮನ್ನ ನೋಡ್ಬೇಕು ಅಂತಿರ್ತಾಳೆ ಸಾರ್. ಐದು ನಿಮಿಷ" ಎಂದ.

ಸೊಣ್ಣಮ್ಮ ಜಗಲಿಯ ಮೇಲೆ ಮೊರದ ತುಂಬ ನೆನೆಸಿದ ಅವರೆಕಾಳು ಇಟ್ಟುಕೊಂಡು ಹಿತುಕುತ್ತಿದ್ದಳು. ಕಣ್ಣಿಗೆ ಮಂಜು ಬಂದಿದ್ದರೂ ಬೆರಳಿಗೆ ಕಣ್ಣಿತ್ತು. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ ಹಾರುತ್ತಿದ್ದವು. ಪಕ್ಕದಲ್ಲಿ ಅವನ ಹಳೆಯ ಮನೆ. ಈಗ ಅಲ್ಲಿ ದೊಡ್ಡಪ್ಪನ ಮಕ್ಕಳಿದ್ದಾರೆ, ಗೋಡೆಯನ್ನು ಆಳೆತ್ತರಕ್ಕೆ ಏರಿಸಿ ಮೇಲೆ ಗಾಜಿನ ಚೂರು ನೆಟ್ಟಿದ್ದಾರೆ. ಯಾರ್ಲಾ ಬಂದೋರು, ಎಂದಳು ಸೊಣ್ಣಮ್ಮ. ಆಫೀಸಿನ ಸಾರು ಕಣವ್ವ, ಗೋಪಾಲಪ್ಪನೋರು, ಎಂದ ಬೈಲಪ್ಪ.

"ಯಾರು, ನಮ್ ಗೋಪಿನಾ? ಏನ್ಲಾ ನೀನು, ಸಾರು ಸಾರು ಅಂತೀಯ, ಸಾರು ಒಲೆ ಮ್ಯಾಲೈತೆ!" ಎಂದು ಮಗನನ್ನು ಗದರಿ, ಸಿಪ್ಪೆ ಮೆತ್ತಿದ ಕೈಯಲ್ಲೇ ಗೋಪಾಲಪ್ಪನ ಗಲ್ಲ ಹಿಡಿದು ಮುಖವನ್ನು ತನ್ನ ಕಣ್ಣಿನ ಹತ್ತಿರಕ್ಕೆ ಎಳೆದುಕೊಂಡಳು. "ಸೊರಗೋಗಿದ್ದೀಯಲ್ಲೋ. ಹೆಂಡ್ತಿ ಹಿಟ್ಟಿಕ್ಕಲ್ವಾ? ಅವ್ವ ಸತ್ಲು ಅಂತ ನಾವೂ ಸತ್ತೋದ್ವಾ ನಿಂಗೆ?" ಅವಳು ಒಳಗೆ ಹೋಗಿ ತಡಕಾಡಿ, ಮುಚ್ಚಳವಿದ್ದ ಒಂದು ಹಿತ್ತಾಳೆಯ ಡಬ್ಬಿ ತಂದಳು. ಬಿಸಿಯಾಗಿತ್ತು. ಹಿತುಕಿದ ಬೇಳೆ ಸಾರಿನ ಘಮ ಮುಚ್ಚಳ ತೆಗೆಯುವ ಮೊದಲೇ ಬಂತು. "ತಗಾ. ಇದು ನಿಮ್ಮವ್ವಂದೇ ಡಬ್ಬಿ. ಅವ್ಳು ಹೋಗಕ್ಕೆ ನಾಕು ದಿನ ಮುಂದಾಗಿ ಮಜ್ಜಿಗೆ ಹುಳಿ ಕೊಟ್ಕಳಿಸಿದ್ಲು, ನಮ್ಮನೇಲೇ ನಿಂತೋಯ್ತು. ಯಾರ ಕೈಗೆ ಕೊಡ್ಲಿ, ಬರಿದು ಹೆಂಗೆ ಕೊಡ್ಲಿ? ನೀನು ಬರ್ತೀಯ, ಬಂದಾಗ ತುಂಬಿಕೊಟ್ರಾಯ್ತು ಅಂತ ಇಟ್ಕಂಡಿದ್ದೆ. ಬಂದ್ಯಲ್ಲ ಈಗ."

ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ, ಬೆಳಿಗ್ಗೆ ಕಾಗದವಿದ್ದ ಜಾಗದಲ್ಲಿ ಇಟ್ಟುಕೊಂಡಿದ್ದ. ಅಡಿಯಲ್ಲಿ ಬೆರಳಾಡಿಸಿದರೆ ಅವ್ವನ ಹೆಸರು ಕೊರೆದದ್ದು ಸಿಗುತ್ತಿತ್ತು. ಬೈಲಪ್ಪ ಬಸ್ಸಿನವರೆಗೂ ಬಂದಿದ್ದ, ಹುಷಾರು ಸಾರ್, ಚೆಲ್ತದೆ, ಎಂದಿದ್ದ. ಗೋಪಾಲಪ್ಪ ತಲೆಯಾಡಿಸಿದ್ದ. ಅಷ್ಟೇ.

ಮರುದಿನದಿಂದ ಒಂದು ಪ್ಯಾಕೆಟ್ಟೂ ತಪ್ಪಲಿಲ್ಲ. ಸಾಹೇಬರು ಖುಷಿಯಾಗಿ ಎಲ್ಲರಿಗೂ ಟೀ ತರಿಸಿದರು, ಸಹಿಗೆ ಕಾದಿದ್ದ ಫೈಲುಗಳಿಗೆಲ್ಲ ಒಂದೇ ಉಸಿರಿಗೆ ಸಹಿ ಹಾಕಿದರು; ಬೈಲಪ್ಪ ಕಾಯಂ ಆದ. ಸಂಬಳದ ಲೆಕ್ಕದ ಕಾರ್ಡುಗಳ ನಡುವೆ ಕೂತಿದ್ದ ಗೋಪಾಲಪ್ಪನಿಗೆ ಅದನ್ನು ಬಂದು ಹೇಳಿದವನು ನರಸಿಂಹಯ್ಯ. ಅವನ ಕೈಯಲ್ಲಿ ಅಂದಿನ ಅಚ್ಚು ಕಾಗದವಿತ್ತು. ಕೇಳದಿದ್ದರೂ ಮೇಜಿನ ಮೇಲೆ ಬಿಚ್ಚಿಟ್ಟ. ಅಳತೆಗಳು ಕೆಲವು, ಆಮೇಲೆ ಸೊನ್ನೆ ಸೊನ್ನೆ ಸೊನ್ನೆ, ಕಾಗದದ ಅಂಚಿನವರೆಗೂ ಸೊನ್ನೆ. "ಏನು ಅಚ್ಚುಕಟ್ಟು ನೋಡು" ಎಂದ ನರಸಿಂಹಯ್ಯ. ಅಂದವನು ತಾನೇ ಮುಖ ಹುಳ್ಳಗೆ ಮಾಡಿಕೊಂಡು, "ಓದಕ್ಕೇನೂ ಇಲ್ಲ" ಎಂದು ಕಾಗದ ಮಡಿಸಿದ. ಗೋಪಾಲಪ್ಪನ ಕಣ್ಣು ಮಾತ್ರ ಅಭ್ಯಾಸ ಬಲದಿಂದ ಸೊನ್ನೆಗಳನ್ನೇ ಜೋಡಿ ಜೋಡಿಯಾಗಿ ತಿರುವುತ್ತಿತ್ತು. ಅಂದು ಭೂಮಿ ಸುಮ್ಮನಿತ್ತು. ಎಷ್ಟೊಂದು ಜಾಗ ಉಳಿದಿತ್ತು.

ಹೊಸಕೋಟೆಯ ಮನೆಯಲ್ಲಿ ಡಬ್ಬಿ ತೊಳೆದು ಬೋರಲು ಹಾಕಿತ್ತು. ಹೆಂಡತಿ ರುಕ್ಮಿಣಮ್ಮ, "ಯಾರದ್ದೂಂದ್ರೆ ಇದು, ವಾಪಸ್ ಕೊಡ್ಬೇಕಾ?" ಎಂದು ಕೇಳಿದಳು. ನಮ್ಮದೇ ಎಂದ. ಆಮೇಲೆ, ಕೊಡ್ಬೇಕು ಎಂದ. ಎರಡರಲ್ಲಿ ಯಾವುದು ಎಂದು ಅವಳು ಸೊಂಟದ ಮೇಲೆ ಕೈಯಿಟ್ಟಳು. "ನಮ್ಮದೇ. ಆದ್ರೂ ಕೊಡ್ಬೇಕು. ಬರಿದು ಕೊಡೋ ಹಂಗಿಲ್ಲ." ಗಂಡನ ತಲೆ ಸಂಬಳದ ಲೆಕ್ಕದಲ್ಲಿ ಕೆಟ್ಟಿದೆ ಎಂದುಕೊಂಡರೂ ಅವಳು ಶನಿವಾರ ಕಜ್ಜಾಯಕ್ಕೆ ಅಕ್ಕಿ ನೆನೆಹಾಕಿದಳು.

ಭಾನುವಾರ ಭೂಮಿಗೆ ರಜೆಯಿಲ್ಲ, ಹಾಗಾಗಿ ಬೈಲಪ್ಪನಿಗೂ ಇಲ್ಲ. ಬಂಡೆ ಹೊಲದ ಬೇಲಿಯ ಹತ್ತಿರ ಬಂದಾಗ ಒಳಗಿನಿಂದ ಯಂತ್ರ ತೂತು ಹೊಡೆಯುವ ಸದ್ದು ಕೇಳಿಸುತ್ತಿತ್ತು; ಸ್ವಲ್ಪ ಹೊತ್ತು ಕಟಕಟ, ಆಮೇಲೆ ಬಹಳ ಹೊತ್ತು ಒಂದೇ ಕೀಲಿಯ ಟಪ್ ಟಪ್ ಟಪ್. ಅದು ಯಾವ ಕೀಲಿಯೆಂದು ಅವನಿಗೆ ಗೊತ್ತು. ಬಾಗಿಲವರೆಗೆ ಹೋದರೆ ಬೈಲಪ್ಪ ಏಳುತ್ತಾನೆ, ಕುರ್ಚಿ ಒರೆಸುತ್ತಾನೆ, ಆಮೇಲೆ ತನ್ನ ಬಾಯಿಂದ ಏನು ಹೊರಡುತ್ತದೋ ತನಗೇ ಭರವಸೆಯಿಲ್ಲ. ಬೇಲಿಯ ಹೊರಗೇ ನಿಂತ. ಡಬ್ಬಿಯನ್ನು ಎರಡು ಕೈಯಲ್ಲಿ ಎದೆಗೆ ಒತ್ತಿಕೊಂಡ. ಹೊಲದಲ್ಲಿ ಅವರೆ ಕೀಳುತ್ತಿದ್ದ ಹೆಂಗಸರು ತಲೆಯೆತ್ತಿ, ಯಾರಪ್ಪಾ ಈ ಪ್ಯಾಂಟಿನವನು ಎಂದು ನೋಡಿದರು. ನೋಡಲಿ. ಯೋಚನೆ ಬಂದು ಅಡ್ಡ ನಿಲ್ಲುವುದಕ್ಕೆ ಮುಂಚೆ ಅವನು ಬಾಯಿ ತೆರೆದು ಕೂಗಿಬಿಟ್ಟ.

"ಲೇ ಬೈಲಾ!"

ಟಪ್ ಟಪ್ ನಿಂತಿತು. ಹೆಂಗಸರೂ ಕೈ ನಿಲ್ಲಿಸಿದರು. ಒಳಗೆ ಕುರ್ಚಿ ಸರಿದ ಸದ್ದಾಗಲಿಲ್ಲ, ಯಾರೂ ಏಳಲಿಲ್ಲ. ಗೋಪಾಲಪ್ಪ ಉಸಿರು ಹಿಡಿದು ಕಾದ.

"ಯಾವನ್ಲಾ ಅವ್ನು, ಡ್ಯೂಟಿ ಟೈಮ್ನಾಗೆ?" ಎಂದು ಒಳಗಿನಿಂದ ಬೈಲಪ್ಪ ಕೂಗಿದ. "ಬಾರ್ಲಾ ಒಳಕ್ಕೆ."